ಒಂದೇ ಟ್ಯಾಂಕು, ಕೆಳಗಿನ ಬೀದಿಗೆ ನೀರು ಧಾರಾಳ, ಏರಿನ ಮನೆಗೆ ಬರೀ ಗಾಳಿ: ಯಾಕೆ ಹೀಗೆ? (ಚಿಕ್ಕಮಗಳೂರು)

ಏರಿನ ಮನೆ
ಚಿಕ್ಕಮಗಳೂರಿನಲ್ಲಿ ಏರಿನ ಮೇಲೆ ಮನೆ ಇರುವವರು ಸ್ವಲ್ಪ ಗಮನ ಕೊಡಿ. ನೀರು ಬಿಡುವ ದಿನ ಬೆಳಗ್ಗೆ ಆರಕ್ಕೆ ನಮ್ಮ ಬೀದಿಯ ನಲ್ಲಿಗಳಲ್ಲಿ ಮೊದಲು ಗಾಳಿ ಬರುತ್ತದೆ. ಆಮೇಲೆ ಸಣ್ಣಗೆ ನೀರು. ಏಳೂವರೆ ದಾಟಿದ ಮೇಲೆ ಸ್ವಲ್ಪ ಜೋರಾಗುತ್ತದೆ, ಎಂಟಕ್ಕೆ ನಿಂತೇ ಹೋಗುತ್ತದೆ. ಅದೇ ಟ್ಯಾಂಕಿನ ನೀರು ಹೋಗುವ ಕೆಳಗಿನ ಬೀದಿಯಲ್ಲಿ ಅಷ್ಟು ಹೊತ್ತಿಗೆ ಸಂಪ್ ತುಂಬಿ ಚರಂಡಿಗೆ ಹರಿಯುತ್ತಿರುತ್ತದೆ. ಟ್ಯಾಂಕ್ ನಮ್ಮ ಮನೆಗಿಂತ ಎತ್ತರದಲ್ಲೇ ಇದೆ, ಟೆರೇಸ್ ಮೇಲೆ ನಿಂತರೆ ಕಾಣುತ್ತದೆ. ಹಾಗಿದ್ದ ಮೇಲೆ ನೀರು ಬರಬೇಕು ಅಲ್ವಾ? ಈಗ ಬೀದಿಯವರೆಲ್ಲ ಸೇರಿ ಪಂಪ್‌ಹೌಸಿಗೆ ದೊಡ್ಡ ಮೋಟಾರ್ ಹಾಕಿಸಿ ಅಂತ ಅರ್ಜಿಗೆ ಸಹಿ ಮಾಡಿಸುತ್ತಿದ್ದಾರೆ. ಅದರಿಂದ ಪ್ರೆಶರ್ ಜಾಸ್ತಿ ಆಗುತ್ತದಾ? ಗೊತ್ತಿರುವವರು ಹೇಳಿ. ವಯಸ್ಸಾದವರೆಲ್ಲ ಕೊಡ ಹಿಡಿದು ಏರು ಹತ್ತುವುದನ್ನು ನೋಡೋಕೆ ಆಗುತ್ತಿಲ್ಲ.

ತಗ್ಗಿನ ಬೀದಿ
ಅಕ್ಕಾ, ಕೆಳಗಿನವರು ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ನಾವು ಅಂಥ ತಗ್ಗಿನ ಬೀದಿಯವರೇ. ನಲ್ಲಿಯ ವಾಷರ್ ಪದೇ ಪದೇ ಹೋಗುತ್ತದೆ. ಫೆರೂಲ್ (ರಸ್ತೆಯ ದೊಡ್ಡ ಪೈಪಿಗೆ ಮನೆಯ ಪೈಪ್ ಸೇರುವ ಜಾಗ) ಹತ್ತಿರ ರಸ್ತೆ ಯಾವಾಗಲೂ ಒದ್ದೆ. ಸಂಪ್ ತುಂಬಿದಾಗ ನೀರು ನಿಲ್ಲಿಸಲಿ ಅಂತ ಹೊಸದಾಗಿ ಹಾಕಿಸಿದ ಫ್ಲೋಟ್ ವಾಲ್ವ್ ಕಡ್ಡಿ ಬಾಗಿ ಹೋಯಿತು, ಅದಕ್ಕೇ ಸಂಪ್ ತುಂಬಿ ಹರಿಯುವುದು. ನಮಗೆ ಇಷ್ಟು ಪ್ರೆಶರ್ ಬೇಡವೇ ಬೇಡ. ಅದನ್ನು ನಿಮಗೆ ಕಳಿಸುವ ದಾರಿ ಇದ್ದರೆ ನಾವೂ ಸಹಿ ಹಾಕುತ್ತೇವೆ.

ಐಜಿ ರೋಡ್ ಅಂಗಡಿ
ದೊಡ್ಡ ಮೋಟಾರ್ ಒಂದೇ ದಾರಿ. ಮೋಟಾರ್ ಜೋರಾದರೆ ನೀರೂ ಜೋರು. ಇದರಲ್ಲಿ ಚರ್ಚೆ ಏನಿದೆ?

ನಿವೃತ್ತ ಎಂಜಿನಿಯರ್
ಅಂಗಡಿಯವರೇ, ಇಲ್ಲಿ ಚರ್ಚೆ ಮಾಡಲೇಬೇಕು, ಇಲ್ಲದಿದ್ದರೆ ದುಡ್ಡು ಹೋಗಿ ನೀರು ಬರದೆ ಉಳಿಯುತ್ತದೆ. ನೀರು ಸರಬರಾಜಿನಲ್ಲೇ ಕೆಲಸ ಮಾಡಿದವನು ನಾನು, ಈ ಮೋಟಾರ್ ಅರ್ಜಿಯನ್ನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ.

ಪಂಪ್‌ಹೌಸಿನ ಮೋಟಾರ್ ನೀರನ್ನು ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಟ್ಯಾಂಕಿನ ಮೇಲ್ಭಾಗ ಗಾಳಿಗೆ ತೆರೆದಿರುತ್ತದೆ, ಮೋಟಾರಿನ ಜೋರು ಅಲ್ಲೇ ಸೊನ್ನೆ ಆಗುತ್ತದೆ. ಅಲ್ಲಿಂದ ನಿಮ್ಮ ನಲ್ಲಿಯವರೆಗೆ ನೀರನ್ನು ತಳ್ಳುವುದು ಒಂದೇ: ಟ್ಯಾಂಕಿನ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ ಎಷ್ಟು ಮೇಲಿದೆ ಅನ್ನುವುದು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಪ್ರೆಶರ್ (ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕೆಜಿ ಭಾರ ಅಂತ ಅರ್ಥ). ಟ್ಯಾಂಕ್ ಎಷ್ಟು ಅಗಲ ಇದೆ, ಎಷ್ಟು ಲಕ್ಷ ಲೀಟರ್ ಹಿಡಿಯುತ್ತದೆ ಅನ್ನುವುದಕ್ಕೂ ಪ್ರೆಶರಿಗೂ ಸಂಬಂಧ ಇಲ್ಲ. ಮಟ್ಟ ಮಾತ್ರ ಲೆಕ್ಕ. ದೊಡ್ಡ ಮೋಟಾರ್ ಹಾಕಿದರೆ ಟ್ಯಾಂಕ್ ಬೇಗ ತುಂಬುತ್ತದೆ. ನಿಮ್ಮ ಟ್ಯಾಂಕ್ ತುಂಬುವುದೇ ಇಲ್ಲ ಅನ್ನುವ ಸಮಸ್ಯೆ ಇದ್ದರೆ ಅದು ಬೇಕು. ತುಂಬುತ್ತಿದ್ದರೆ ಬೇಡ.

ನಮ್ಮ ಊರಿನ ನೀರಿನ ದಾರಿ ನೋಡಿ. ಯಗಚಿ ಹುಟ್ಟುವುದು ನಮ್ಮ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಇಳಿದು ಬೇಲೂರಿಗೆ ಹೋಗುತ್ತದೆ, ಅಲ್ಲಿ ಜಲಾಶಯ ಇದೆ. ಅಲ್ಲಿಂದ ನಾವು ಅದೇ ನೀರನ್ನು ಮತ್ತೆ ಮೇಲಕ್ಕೆ ತರುತ್ತೇವೆ. ಬೇಲೂರು ಸಮುದ್ರ ಮಟ್ಟದಿಂದ ಸುಮಾರು 975 ಮೀಟರ್, ಚಿಕ್ಕಮಗಳೂರು ಸುಮಾರು 1,090. ಅಂದರೆ ನೂರು ಮೀಟರ್ ಆಸುಪಾಸು ಏರಿಸಬೇಕು, ದಾರಿಯ ಪೈಪಿನ ಘರ್ಷಣೆ ಬೇರೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತುವುದಕ್ಕೆ ಲೆಕ್ಕದ ಪ್ರಕಾರ 0.27 ಯೂನಿಟ್ ಕರೆಂಟು ಬೇಕು. ಪಂಪು, ಮೋಟಾರಿನ ನಷ್ಟ ಸೇರಿದರೆ ಹೆಚ್ಚುಕಡಿಮೆ 0.4 ಯೂನಿಟ್. ಸಂಪ್ ತುಂಬಿ ಚರಂಡಿಗೆ ಹೋಗುವ ನೀರಿನ ಜೊತೆ ಆ ಕರೆಂಟೂ ಹೋಗುತ್ತದೆ.

ಹಾಸನದಿಂದ
ಸರ್, ನಮ್ಮ ಹಾಸನದ ಕಥೆಯೂ ಇದೇ. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2,922 ಅಡಿ, ಅಂದರೆ ಸುಮಾರು 890 ಮೀಟರ್. ಹಾಸನ ಪಟ್ಟಣ ಅದಕ್ಕಿಂತ ಎತ್ತರದಲ್ಲಿದೆ. ಡ್ಯಾಂ ತುಂಬಿದೆ, ಆದರೂ ನಲ್ಲಿಯಲ್ಲಿ ಯಾಕೆ ನೀರಿಲ್ಲ ಅಂತ ಜನ ಪ್ರತಿ ಮಳೆಗಾಲದಲ್ಲೂ ಕೇಳುತ್ತಾರೆ. ಡ್ಯಾಂ ತುಂಬಿದರೂ ಅದು ನಮಗಿಂತ ಕೆಳಗೇ ಇರುತ್ತದೆ. ನನ್ನ ಪ್ರಶ್ನೆ ಏನೆಂದರೆ, ಇಷ್ಟೆಲ್ಲ ಏರಿಸುವಾಗ ಒಂದೇ ಸಲ ಇನ್ನೂ ಎತ್ತರದ ಒಂದು ಗುಡ್ಡಕ್ಕೆ ಏರಿಸಿ, ಅಲ್ಲಿಂದ ಇಡೀ ಊರಿಗೆ ಬಿಟ್ಟರೆ ಎಲ್ಲರಿಗೂ ಪ್ರೆಶರ್ ಸಿಗುವುದಿಲ್ಲವೇ?

ತೋಟದ ಹುಡುಗ
ಹಾಸನದ ಅಕ್ಕಾ, ಹಾಗೆ ಮಾಡಿದರೆ ಕೆಳಗಿನ ಪೈಪ್ ಒಡೆಯುತ್ತದೆ. ತೋಟದಲ್ಲಿ ಇದು ನಮಗೆ ದಿನಾ ಕಾಣುವ ವಿಷಯ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಹಳ್ಳದ ಹತ್ತಿರ ಒಂದು ಕ್ಲಾಸಿನ ಪೈಪ್, ಮೇಲೆ ಬೇರೆ ಕ್ಲಾಸ್. ಪೈಪಿನ ಮೇಲೆ 4 ಕೆಜಿ, 6 ಕೆಜಿ, 10 ಕೆಜಿ ಅಂತ ಬರೆದಿರುತ್ತದಲ್ಲ, ಅದು ಅಷ್ಟು ಪ್ರೆಶರ್ ತಡೆಯುತ್ತದೆ ಅಂತ. ಎಂಜಿನಿಯರ್ ಸರ್ ಹೇಳಿದ ಲೆಕ್ಕದಲ್ಲಿ 6 ಕೆಜಿ ಪೈಪ್ ಅರವತ್ತು ಮೀಟರ್ ಎತ್ತರದ ನೀರಿಗೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಜಾಯಿಂಟಲ್ಲಿ ಸೀಳುತ್ತದೆ. ಗುಡ್ಡದ ಒರತೆಯಿಂದ ಮನೆಗೆ ಪೈಪಲ್ಲಿ ನೀರು ತರುವಾಗ ನಮ್ಮ ಕಡೆ ಇಳಿಜಾರಿನ ಮಧ್ಯೆ ಒಂದು ಸಣ್ಣ ತೊಟ್ಟಿ ಕಟ್ಟುತ್ತಾರೆ. ನೀರು ಅದಕ್ಕೆ ಬಿದ್ದು ಮತ್ತೆ ಹೊರಡುತ್ತದೆ. ತೊಟ್ಟಿ ಕಟ್ಟದವರ ಮನೆ ನಲ್ಲಿಯೇ ಹಾರಿ ಹೋಗುತ್ತದೆ.

ನಿವೃತ್ತ ಎಂಜಿನಿಯರ್
ತೋಟದ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಆ ತೊಟ್ಟಿಗೆ ನಮ್ಮಲ್ಲಿ ಬ್ರೇಕ್ ಪ್ರೆಶರ್ ಟ್ಯಾಂಕ್ ಅನ್ನುತ್ತಾರೆ. ನೀರು ಗಾಳಿಗೆ ತೆರೆದುಕೊಂಡ ಕೂಡಲೇ ಅಲ್ಲಿಯವರೆಗೆ ಕೂಡಿದ್ದ ಪ್ರೆಶರ್ ಸೊನ್ನೆ, ಅಲ್ಲಿಂದ ಹೊಸ ಲೆಕ್ಕ ಶುರು. ಏರಿಸುವಾಗಲೂ ಹೀಗೇ ತುಂಡು ಮಾಡುತ್ತಾರೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಆಸುಪಾಸು ಮೇಲೇರಿ ಬರುತ್ತದೆ. ಒಂದೇ ದಮ್ಮಿಗೆ ಏರಿಸಿದರೆ ಕೆಳಗಿನ ಪೈಪಿನ ಮೇಲೆ ಐವತ್ತು ಕೆಜಿಗೂ ಜಾಸ್ತಿ ಬೀಳುತ್ತದೆ. ಅದಕ್ಕೇ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಇಟ್ಟು ಮೂರು ಹಂತದಲ್ಲಿ ಎತ್ತುತ್ತಾರೆ.

ಊರೊಳಗೆ ಹಂಚುವಾಗಲೂ ಊರನ್ನು ಮಟ್ಟದ ಪ್ರಕಾರ ಭಾಗ ಮಾಡಬೇಕು. ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ (1999ರದ್ದು, ನಾವೆಲ್ಲ ಅದನ್ನೇ ಹಿಡಿದು ವಿನ್ಯಾಸ ಮಾಡಿದವರು) ಹೇಳುವುದು, ಎತ್ತರದಲ್ಲಿ 15ರಿಂದ 25 ಮೀಟರ್ ವ್ಯತ್ಯಾಸ ಬಂದರೆ ಆ ಭಾಗಗಳಿಗೆ ಬೇರೆ ಬೇರೆ ವ್ಯವಸ್ಥೆ ಇರಬೇಕು ಅಂತ. ಅಂದರೆ ಏರಿಗೊಂದು ಟ್ಯಾಂಕ್, ತಗ್ಗಿಗೊಂದು ಟ್ಯಾಂಕ್. ಬಯಲುಸೀಮೆಯಲ್ಲಿ ಒಂದು ಟ್ಯಾಂಕಿನಿಂದ ದೊಡ್ಡ ಬಡಾವಣೆಗೇ ನೀರು ಕೊಡಬಹುದು, ನಮ್ಮಲ್ಲಿ ಒಂದೇ ರಸ್ತೆಯ ಎರಡು ತುದಿಗೆ ಅಷ್ಟು ವ್ಯತ್ಯಾಸ ಬರುತ್ತದೆ. ಎರಡು ಟ್ಯಾಂಕಿಗೆ ಜಾಗ ಇಲ್ಲದಿದ್ದರೆ ತಗ್ಗಿಗೆ ಇಳಿಯುವ ಪೈಪಿನ ಬಾಯಲ್ಲಿ ಪ್ರೆಶರ್ ಇಳಿಸುವ ವಾಲ್ವ್ ಕೂರಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ಪಿಆರ್‌ವಿ ಅನ್ನುತ್ತಾರೆ. ಮೇಲಿನಿಂದ ನಾಲ್ಕು ಕೆಜಿ ಬರಲಿ, ಐದು ಬರಲಿ, ಕೆಳಗೆ ಎರಡೇ ಬಿಡು ಅಂತ ಅದಕ್ಕೆ ಹೊಂದಿಸಿ ಇಡಬಹುದು. ಒಳಗಿನ ರಬ್ಬರ್ ಪರದೆ ಕೆಳಗಿನ ಪ್ರೆಶರ್ ನೋಡಿಕೊಂಡು ತಾನೇ ಮುಚ್ಚಿ ತೆಗೆದು ಮಾಡುತ್ತದೆ, ಕರೆಂಟು ಬೇಡ.

ಸೋರಿಕೆಯೂ ಪ್ರೆಶರಿನ ಜೊತೆ ಏರುತ್ತದೆ. ಕಬ್ಬಿಣದ ಪೈಪಿನ ತೂತಾದರೆ ಪ್ರೆಶರ್ ಎರಡು ಪಟ್ಟಾದಾಗ ಸೋರುವುದು ಸುಮಾರು 1.4 ಪಟ್ಟು. ಪ್ಲಾಸ್ಟಿಕ್ ಪೈಪಿನ ಸೀಳು ಪ್ರೆಶರಿಗೆ ಇನ್ನೂ ಬಾಯಿ ಬಿಡುವುದರಿಂದ ಎರಡು ಪಟ್ಟಿಗೂ ಮೀರಿ ಹೋಗಬಹುದು. ತಗ್ಗಿನ ಬೀದಿಯ ಒದ್ದೆ ರಸ್ತೆಗೆ ಕಾರಣ ಇದು.

ಏರಿನ ಮನೆ
ಸರ್, ತುಂಬ ಥ್ಯಾಂಕ್ಸ್. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಟ್ಯಾಂಕ್ ನಮಗಿಂತ ಮೇಲಿದೆ. ನೀವು ಹೇಳಿದ ಹಾಗೆ ಮಟ್ಟವೇ ಎಲ್ಲ ಅನ್ನುವುದಾದರೆ ಆರು ಗಂಟೆಗೂ ನಮಗೆ ಬರಬೇಕು, ಏಳೂವರೆಗೂ ಬರಬೇಕು. ಮಟ್ಟ ಬದಲಾಗಲ್ಲ ಅಲ್ವಾ?

ನಿವೃತ್ತ ಎಂಜಿನಿಯರ್
ಬಹಳ ಒಳ್ಳೆ ಪ್ರಶ್ನೆ ಅಮ್ಮಾ. ಮಟ್ಟದಿಂದ ಬರುವ ಪ್ರೆಶರ್ ಪೂರ್ತಿ ಕಾಣುವುದು ನೀರು ನಿಂತಿದ್ದಾಗ. ಹರಿಯತೊಡಗಿದ ಕೂಡಲೇ ಪೈಪಿನ ಗೋಡೆಯ ಘರ್ಷಣೆ ಅದರಲ್ಲಿ ಒಂದು ಪಾಲು ತಿನ್ನುತ್ತದೆ. ಹರಿವು ಎರಡು ಪಟ್ಟಾದರೆ ಈ ನಷ್ಟ ಎರಡಲ್ಲ, ಸುಮಾರು ಮೂರೂವರೆ ಪಟ್ಟು ಏರುತ್ತದೆ. ಪೈಪಿನ ವ್ಯಾಸ ಅರ್ಧ ಆದರೆ, ಅಷ್ಟೇ ನೀರಿಗೆ ನಷ್ಟ ಮೂವತ್ತು ಪಟ್ಟಿನ ಹತ್ತಿರ. ಹಳೇ ಕಬ್ಬಿಣದ ಪೈಪಿನ ಒಳಗೆ ತುಕ್ಕು ಗಂಟುಗಂಟಾಗಿ ಬೆಳೆದು ಬಾಯಿ ಕಿರಿದಾದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಈಗ ಮುಖ್ಯ ವಿಷಯ. ಪೈಪ್ ವಿನ್ಯಾಸ ಮಾಡುವಾಗ ದಿನವಿಡೀ ನೀರು ಇರುತ್ತದೆ ಅಂತ ಇಟ್ಟುಕೊಂಡು, ಜೋರು ಹೊತ್ತಿಗೆ ಸರಾಸರಿಯ ಎರಡೂವರೆ ಪಟ್ಟು ಹರಿವು ಅಂತ ಹಿಡಿಯುತ್ತಾರೆ. ನಮ್ಮ ಊರಿನಷ್ಟು ಜನಸಂಖ್ಯೆಗೆ ಕೈಪಿಡಿಯ ಸಂಖ್ಯೆ ಅದು. ಆದರೆ ಇಪ್ಪತ್ತನಾಲ್ಕು ಗಂಟೆಯ ನೀರನ್ನು ಎರಡೇ ಗಂಟೆಯಲ್ಲಿ ತುಂಬಿಕೊಳ್ಳಬೇಕಾದರೆ ಹರಿವು ಸರಾಸರಿಯ ಹನ್ನೆರಡು ಪಟ್ಟು ಆಗುತ್ತದೆ. ವಿನ್ಯಾಸ ಮಾಡಿದ್ದಕ್ಕಿಂತ ಸುಮಾರು ಐದು ಪಟ್ಟು ಜಾಸ್ತಿ. ಘರ್ಷಣೆಯ ನಷ್ಟ ಹದಿನೆಂಟು ಪಟ್ಟಿನ ಹತ್ತಿರ. ದಿನ ಬಿಟ್ಟು ದಿನ ನೀರಾದರೆ ಇನ್ನೂ ಕೆಟ್ಟದು. ಆರು ಗಂಟೆಗೆ ಎಲ್ಲರ ಸಂಪೂ ಖಾಲಿ, ಎಲ್ಲರ ನಲ್ಲಿಯೂ ಪೂರ್ತಿ ತೆರೆದಿದೆ. ಊಟದ ಪಂಕ್ತಿಯಲ್ಲಿ ಮೊದಲ ಎಲೆಗಳಿಗೇ ಪಾಯಸ ಖಾಲಿಯಾದ ಹಾಗೆ ಕೆಳಗಿನ ಬೀದಿಯೇ ಎಲ್ಲ ಎಳೆದುಕೊಳ್ಳುತ್ತದೆ. ಏಳೂವರೆಗೆ ಅವರ ಸಂಪ್ ತುಂಬಿ ಹರಿವು ಕಡಿಮೆ ಆಗುತ್ತದೆ, ಪ್ರೆಶರ್ ನಿಮ್ಮ ಬೀದಿಗೆ ಏರುತ್ತದೆ. ನೀವು ಬರೆದಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಊಹೆ ಬೇಡ, ಅಳೆಯೋಣ. ಒಂದು ಪ್ರೆಶರ್ ಗೇಜ್ ತಗೊಂಡು ಅಂಗಳದ ನಲ್ಲಿಗೆ ಹಾಕಿ. ನಿಮ್ಮ ಮನೆಯ ಬೇರೆ ನಲ್ಲಿ, ಸಂಪಿನ ವಾಲ್ವ್ ಎಲ್ಲ ಮುಚ್ಚಿರಿ. ಆರು ಇಪ್ಪತ್ತಕ್ಕೆ ಒಂದು ಸಲ, ಎಂಟಕ್ಕೆ ಸ್ವಲ್ಪ ಮುಂಚೆ ಒಂದು ಸಲ ಓದಿ. ಎರಡನೆಯ ಓದು ಹೆಚ್ಚುಕಡಿಮೆ ಎತ್ತರ ಹೇಳುತ್ತದೆ. ಎರಡರ ವ್ಯತ್ಯಾಸ ಘರ್ಷಣೆಗೆ ಹೋದ ನಷ್ಟ. ಏರು ಶುರುವಾಗುವ ತಿರುವಿನಲ್ಲಿ ಒಂದು ಮನೆ, ತಗ್ಗಿನಲ್ಲಿ ಒಂದು ಮನೆ, ಅಲ್ಲೂ ಹೀಗೇ ಮಾಡಿಸಿ. ಮೊಬೈಲಿನಲ್ಲಿ ತೋರಿಸುವ ಎತ್ತರ ನಂಬಬೇಡಿ, ಹಲವು ಮೀಟರ್ ತಪ್ಪುತ್ತದೆ.

ಪ್ಲಂಬಿಂಗ್ ಕೆಲಸ
ಗೇಜ್ ಹಾಕುವವರಿಗೆ ಎರಡು ಮಾತು. ದೊಡ್ಡ ಸಂಖ್ಯೆಯ ಗೇಜ್ ತರಬೇಡಿ, 0ರಿಂದ 7 ಕೆಜಿ ಸಾಕು, ಇಲ್ಲದಿದ್ದರೆ ಸಣ್ಣ ಪ್ರೆಶರಿಗೆ ಮುಳ್ಳು ಅಲುಗುವುದೇ ಇಲ್ಲ. ನಲ್ಲಿ ಬಿಚ್ಚಿ ಅದೇ ಅರ್ಧ ಇಂಚಿನ ಥ್ರೆಡ್ಡಿಗೆ ರೆಡ್ಯೂಸರ್ ಹಾಕಿ, ಟೆಫ್ಲಾನ್ ಟೇಪ್ ಸುತ್ತಿ ಬಿಗಿಮಾಡಿ. ಮೊದಲು ಗಾಳಿ ಪೂರ್ತಿ ಹೋಗಲಿ. ಗಾಳಿ ಇರುವಾಗ ಮುಳ್ಳು ಕುಣಿಯುತ್ತದೆ, ಆ ಓದು ಬರೆದುಕೊಳ್ಳಬೇಡಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ನೇರ ಲೈನಿಗೆ ಮೋಟಾರ್ ಹಾಕಿ ಎಳೆಯುವವರು ಎಷ್ಟು ಜನ ಇದ್ದಾರೆ ಅಂತ ನೋಡಿ. ಒಬ್ಬರು ಹಾಕಿದರೆ ಪಕ್ಕದ ನಾಲ್ಕು ಮನೆಗೆ ನೀರು ನಿಲ್ಲುತ್ತದೆ. ಹಾಕಿಕೊಡಿ ಅಂತ ನನ್ನ ಹತ್ತಿರ ಬಂದವರನ್ನು ವಾಪಸ್ ಕಳಿಸಿದ್ದೇನೆ.

ಬೋರೆ ಪಕ್ಕದವರು
ಅಣ್ಣಾ, ಏರಿನವರು ಮತ್ತೇನು ಮಾಡಬೇಕು? ನೀರೇ ಬರದಿದ್ದಾಗ ಮೋಟಾರ್ ಹಾಕಿಕೊಳ್ಳುವುದು ತಪ್ಪಾ? ಮನೆಯಲ್ಲಿ ಮಗು ಇದೆ, ಬಟ್ಟೆ ಒಗೆಯಬೇಕು, ನಾವು ಎಲ್ಲಿಗೆ ಹೋಗೋಣ?

ಪ್ಲಂಬಿಂಗ್ ಕೆಲಸ
ನಿಮ್ಮ ಕಷ್ಟ ಅರ್ಥವಾಗುತ್ತದೆ ಅಕ್ಕಾ. ಸಂಪಿಗೆ ನೀರು ತಾನಾಗಿ ಬೀಳಲಿ, ಸಂಪಿನಿಂದ ಮೇಲಿನ ಸಿಂಟೆಕ್ಸಿಗೆ ಮೋಟಾರ್ ಹಾಕಿ. ಅದರಿಂದ ಯಾರಿಗೂ ತೊಂದರೆ ಇಲ್ಲ. ಸಂಪನ್ನು ಅಂಗಳದ ಮಟ್ಟಕ್ಕಿಂತ ಕೆಳಗೆ ತೋಡಿಸಿದರೆ ನಲ್ಲಿಗೆ ಏರದ ನೀರೂ ಸಂಪಿಗೆ ಬೀಳುತ್ತದೆ. ಒಂದೂವರೆ ಮೀಟರ್ ಕೆಳಗಾದರೆ ಅಷ್ಟು ಪ್ರೆಶರ್ ಸಿಕ್ಕಿದ ಹಾಗೆ.

ಲ್ಯಾಬಿನವಳು
ನೀರು ಪರೀಕ್ಷೆ ಮಾಡುವ ಕೆಲಸ ನನ್ನದು, ಅದಕ್ಕೆ ಇದನ್ನು ಬರೆಯಲೇಬೇಕು. ಮೋಟಾರ್ ಪೈಪಿನಿಂದ ನೇರ ಎಳೆದಾಗ ಪೈಪಿನ ಒಳಗೆ ಪ್ರೆಶರ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆಗ ಸೋರುವ ತೂತುಗಳೇ ಹೀರುವ ತೂತುಗಳಾಗುತ್ತವೆ. ಪೈಪ್ ಚರಂಡಿ ಪಕ್ಕದಲ್ಲೋ ಅಡಿಯಲ್ಲೋ ಹೋಗಿದ್ದರೆ ಒಳಗೆ ಬರುವುದು ಏನು ಅಂತ ಹೇಳಬೇಕಾಗಿಲ್ಲ. ನೀರು ನಿಲ್ಲಿಸಿದ ಮೇಲೆ ಪೈಪ್ ಖಾಲಿ ಬಿದ್ದಾಗಲೂ ಅದೇ ಆಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಬರುವ ವಾರ್ಡುಗಳನ್ನೂ ಬಿಟ್ಟು ಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿ ಅಧ್ಯಯನ ಮಾಡಿದ್ದಾರೆ, 2013ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ಕಡೆ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕಿತು, ಅದರಲ್ಲೂ ನೀರು ಶುರುವಾದ ಮೊದಲ ಹೊತ್ತಿನಲ್ಲಿ. ಹಾಗಾಗಿ ಮೊದಲು ಬರುವ ನೀರನ್ನು ಕುಡಿಯೋಕೆ ಹಿಡಿಯಬೇಡಿ. ಗಿಡಕ್ಕೆ ಹಾಕಿ, ಅಂಗಳ ತೊಳೆಯಿರಿ. ಪ್ರೆಶರ್ ಅಂದರೆ ಬರೀ ಮೇಲಿನ ಮಹಡಿಗೆ ನೀರು ಏರುವ ವಿಷಯ ಅಲ್ಲ. ಪೈಪಿನೊಳಗೆ ಪ್ರೆಶರ್ ಇರುವ ತನಕ ಹೊರಗಿನ ಕೊಳಕು ಒಳಗೆ ಬರುವುದಿಲ್ಲ.

ವಾಲ್ವ್ ಕೀ
ನಮ್ಮ ತಂದೆ ನೀರು ಬಿಡುವ ಕೆಲಸದಲ್ಲಿದ್ದರು, ಈಗ ನಾನೂ ಅದೇ ಕೆಲಸದಲ್ಲಿದ್ದೇನೆ, ಬೇರೆ ಊರಿನಲ್ಲಿ. ಜನ ನಮ್ಮನ್ನು ನಿಧಾನ ಅಂತ ಬೈಯುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ವಾಲ್ವನ್ನು ಗಬಕ್ಕನೆ ಮುಚ್ಚಬಾರದು. ಕೀ ಹಾಕಿ ಒಂದು ಸುತ್ತು, ಸ್ವಲ್ಪ ತಡೆದು ಇನ್ನೊಂದು. ಕೊನೆಯ ಸುತ್ತುಗಳು ಇನ್ನೂ ನಿಧಾನ. ಪೈಪಿನೊಳಗೆ ಓಡುತ್ತಿರುವ ನೀರು ತಟ್ಟನೆ ನಿಂತರೆ ಗುದ್ದುತ್ತದೆ, ಕೀ ಹಿಡಿದ ಕೈಗೇ ಆ ಗುದ್ದು ಗೊತ್ತಾಗುತ್ತದೆ. ತೆಗೆಯುವಾಗಲೂ ನಿಧಾನವೇ. ಏರಿನ ತುದಿಯಲ್ಲಿರುವ ಏರ್ ವಾಲ್ವಿನಿಂದ ಗಾಳಿ ಹೋಗಬೇಕು, ಅದು ಬುಸ್ ಅನ್ನುವುದು ನಿಂತು ಚೂರು ನೀರು ಚಿಮ್ಮಿ ಮುಚ್ಚಿಕೊಂಡ ಮೇಲೇ ಪೂರ್ತಿ ತೆಗೆಯಬೇಕು. ಎಷ್ಟೋ ಕಡೆ ಏರ್ ವಾಲ್ವ್ ಕೆಟ್ಟು ಕೂತಿರುತ್ತದೆ. ಆ ಗಾಳಿಯೇ ಏರಿನ ಮನೆಯವರ ನಲ್ಲಿಯಲ್ಲಿ ಬರುವುದು.

ನಿವೃತ್ತ ಎಂಜಿನಿಯರ್
ಇವರು ಹೇಳಿದ ಗುದ್ದಿಗೆ ಲೆಕ್ಕ ಇದೆ. ಲೋಹದ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ತಟ್ಟನೆ ನಿಂತರೆ ಸುಮಾರು ಹತ್ತು ಕೆಜಿ ಪ್ರೆಶರ್ ಒಮ್ಮೆಲೇ ಏರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಯಿತು ಅಂದುಕೊಳ್ಳಿ. ಪಂಪ್ ನಿಲ್ಲುತ್ತದೆ, ಏರುತ್ತಿದ್ದ ನೀರು ವಾಪಸ್ ಬಂದು ಹೊಡೆಯುತ್ತದೆ. ಅದನ್ನು ತಡೆಯುವುದಕ್ಕೇ ಪಂಪ್‌ಹೌಸಿನಲ್ಲಿ ನಾನ್ ರಿಟರ್ನ್ ವಾಲ್ವ್, ಗಾಳಿ ತುಂಬಿದ ಸಿಲಿಂಡರ್ ಇಡುತ್ತಾರೆ. ನೀರು ಬಿಡುವವರ ನಿಧಾನವನ್ನು ದಯವಿಟ್ಟು ಗೌರವಿಸಿ.

ಏರಿನ ಮನೆ
ಸರ್, ಅಳೆದಾಯಿತು. ತಿರುವಿನ ಮನೆಯವರೂ ತಗ್ಗಿನ ಬೀದಿಯವರೂ ಅದೇ ಹೊತ್ತಿಗೆ ಓದಿದರು. ಆರು ಇಪ್ಪತ್ತಕ್ಕೆ: ನಮ್ಮಲ್ಲಿ 0.2, ತಿರುವಿನಲ್ಲಿ 1.6, ತಗ್ಗಿನಲ್ಲಿ 3.9. ಎಂಟಕ್ಕೆ ಮುಂಚೆ: ನಮ್ಮಲ್ಲಿ 1.1, ತಿರುವಿನಲ್ಲಿ 1.9, ತಗ್ಗಿನಲ್ಲಿ 4.6. ಮುಳ್ಳು ಮೇಲೇರುವುದನ್ನು ಬೀದಿಯವರೆಲ್ಲ ನಿಂತು ನೋಡಿದರು. ಇದರ ಅರ್ಥ ಏನು ಬಿಡಿಸಿ ಹೇಳಿ.

ನಿವೃತ್ತ ಎಂಜಿನಿಯರ್
ಬಹಳ ಚೆನ್ನಾಗಿ ಮಾಡಿದ್ದೀರಿ. ಎಂಟಕ್ಕೆ ಮುಂಚೆಯೂ ಸ್ವಲ್ಪ ಹರಿವು ಇರುವುದರಿಂದ ನಿಜವಾದ ಎತ್ತರ ಇದಕ್ಕಿಂತ ಚೂರು ಜಾಸ್ತಿಯೇ ಇರುತ್ತದೆ, ಆದರೆ ಲೆಕ್ಕಕ್ಕೆ ಇಷ್ಟು ಸಾಕು.

ನಿಮ್ಮ ನಲ್ಲಿ ಟ್ಯಾಂಕಿನ ನೀರಿಗಿಂತ 11 ಮೀಟರ್ ಕೆಳಗೆ. ತಿರುವು 19 ಮೀಟರ್ ಕೆಳಗೆ, ತಗ್ಗಿನ ಬೀದಿ 46 ಮೀಟರ್. ಟ್ಯಾಂಕಿನಿಂದ ತಿರುವಿನವರೆಗೆ ಬೆಳಗಿನ ನಷ್ಟ 3 ಮೀಟರ್ (1.9ರಲ್ಲಿ 1.6 ಕಳೆಯಿರಿ). ನಿಮ್ಮ ಮನೆಯವರೆಗೆ ನಷ್ಟ 9 ಮೀಟರ್. ಅಂದರೆ ತಿರುವಿನಿಂದ ನಿಮ್ಮ ಮನೆಗೆ ಬರುವ ಅಷ್ಟು ಚಿಕ್ಕ ದಾರಿಯಲ್ಲೇ 6 ಮೀಟರ್ ಹೋಗುತ್ತಿದೆ. ಇದು ಸಹಜ ಅಲ್ಲ. ನಿಮ್ಮ ಬೀದಿಯಲ್ಲಿ ಇರುವ ಮನೆಗಳೇ ಕಡಿಮೆ, ಹರಿವು ಅಷ್ಟಿಲ್ಲ. ಆ ತುಂಡಿನಲ್ಲಿ ಏನೋ ಅಡ್ಡ ಇದೆ. ಅರ್ಧ ಮುಚ್ಚಿದ ವಾಲ್ವೋ, ತುಕ್ಕು ಹಿಡಿದ ಹಳೇ ಪೈಪೋ.

ಒಂದಂತಸ್ತಿನ ಮನೆಗೆ ನಲ್ಲಿ ಲೈನಿನಲ್ಲಿ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12, ಮೂರಕ್ಕೆ 17 ಇರಬೇಕು ಅಂತ ಆ 1999ರ ಕೈಪಿಡಿ ಹೇಳಿತ್ತು. ನಿಮ್ಮ 11 ಮೀಟರನ್ನು ಘರ್ಷಣೆ ತಿನ್ನದಿದ್ದರೆ ಕೆಳಗಿನ ಮನೆಗೆ ಧಾರಾಳ ಸಾಕು. ಮಹಡಿಗೆ ಸಾಲದು, ಅದಕ್ಕೆ ಸಂಪ್ ಬೇಕೇ ಬೇಕು.

ಪ್ಲಂಬಿಂಗ್ ಕೆಲಸ
ಆ ತಿರುವಿನಲ್ಲಿ ಮೊದಲು ವಾಲ್ವ್ ಚೇಂಬರ್ ಇತ್ತಾ ಅಂತ ಹಳಬರನ್ನು ಕೇಳಿ. ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಳದ ಮೇಲೇ ಹಾಕಿಬಿಡುತ್ತಾರೆ. ಆಮೇಲೆ ಅಲ್ಲಿ ವಾಲ್ವ್ ಇದೆ ಅಂತ ಯಾರಿಗೂ ನೆನಪಿರುವುದಿಲ್ಲ.

ಏರಿನ ಮನೆ
ಅಣ್ಣಾ, ನಿಮ್ಮ ಮಾತು ನಿಜ ಆಯಿತು. ಎದುರುಮನೆಯ ಅಜ್ಜ ಜಾಗ ತೋರಿಸಿದರು. ಓದಿದ ಅಂಕಿಗಳನ್ನು ಕಾಗದದಲ್ಲಿ ಬರೆದು ಕಚೇರಿಗೆ ಕೊಟ್ಟೆವು, ಅವರು ಬಂದು ಅಗೆದರು. ಡಾಂಬರಿನ ಕೆಳಗೆ ಮುಚ್ಚಳ, ಮುಚ್ಚಳದ ಕೆಳಗೆ ಕಂಠದವರೆಗೆ ಮಣ್ಣು. ವಾಲ್ವ್ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಕಡ್ಡಿ ತುಕ್ಕು ಹಿಡಿದು ಕೂತಿದ್ದರಿಂದ ಪೂರ್ತಿ ತೆಗೆಯೋಕೆ ಆಗಲಿಲ್ಲ, ಬಲವಂತ ಮಾಡಿದರೆ ಮುರಿಯುತ್ತದೆ ಅಂತ ಅಷ್ಟಕ್ಕೇ ಬಿಟ್ಟಿದ್ದಾರೆ, ಬದಲಾಯಿಸುತ್ತೇವೆ ಅಂದಿದ್ದಾರೆ. ಈಗ ಆರು ಇಪ್ಪತ್ತಕ್ಕೆ 0.5 ತೋರಿಸುತ್ತಿದೆ. ಮೋಟಾರಿನ ಅರ್ಜಿ ಕೈಬಿಟ್ಟೆವು.

ಐಜಿ ರೋಡ್ ಅಂಗಡಿ
ಒಪ್ಪಿದೆ ಸರ್. ನಮ್ಮ ಅಂಗಡಿ ಸಾಲಿನಲ್ಲೂ ಒಂದು ಗೇಜ್ ಇಟ್ಟು ನೋಡುತ್ತೇವೆ.

ತಗ್ಗಿನ ಬೀದಿ
ಎಂಜಿನಿಯರ್ ಸರ್, ನಮ್ಮ 4.6ಕ್ಕೆ ಏನು ಮಾಡೋಣ? ಮೇಲಿನ ವಾಲ್ವ್ ತೆಗೆದ ಮೇಲೂ ನಮ್ಮಲ್ಲಿ ಏನೂ ಕಡಿಮೆ ಆಗಿಲ್ಲ.

ನಿವೃತ್ತ ಎಂಜಿನಿಯರ್
ಆಗುವುದಿಲ್ಲ, ನೀವು ಇರುವ ಮಟ್ಟವೇ ಅಂಥದ್ದು. ಏರಿನ ಮನೆಗೂ ನಿಮಗೂ 35 ಮೀಟರ್ ವ್ಯತ್ಯಾಸ. ಮೊದಲು ಹೇಳಿದ 15-25ರ ಮಿತಿ ಇಲ್ಲಿ ಮೀರಿದೆ, ಒಂದೇ ಭಾಗ ಅಂತ ಇದನ್ನು ನಡೆಸಬಾರದು. ನಿಮ್ಮ ಬೀದಿಗೆ ಇಳಿಯುವ ಕವಲಿನಲ್ಲಿ ಪಿಆರ್‌ವಿ ಹಾಕಿ ಎರಡು ಕೆಜಿಗೆ ಹೊಂದಿಸಿದರೆ ನಿಮ್ಮ ವಾಷರ್ ಉಳಿಯುತ್ತದೆ, ಸೋರಿಕೆ ಇಳಿಯುತ್ತದೆ, ಬೆಳಗ್ಗೆ ನೀವು ಎಳೆಯುವ ಹರಿವು ಕಡಿಮೆಯಾಗಿ ಏರಿನವರಿಗೆ ಬೇಗ ನೀರು ಹೋಗುತ್ತದೆ. ನಿಮ್ಮ ಸಂಪ್ ತುಂಬೋಕೆ ಸ್ವಲ್ಪ ತಡವಾಗುತ್ತದೆ, ಅದನ್ನು ಬೀದಿಯವರಿಗೆ ಮೊದಲೇ ತಿಳಿಸಿ ಒಪ್ಪಿಸಿ.

ಕೇಳುವಾಗ ಬರೀ ವಾಲ್ವ್ ಕೇಳಬೇಡಿ. ಬಿಟ್ಟು ಬಿಟ್ಟು ನೀರು ಬರುವ ಲೈನಿನಲ್ಲಿ ಪ್ರತಿ ಸಲ ಮಣ್ಣು, ತುಕ್ಕು ಎದ್ದು ಬರುತ್ತದೆ, ಅದು ವಾಲ್ವಿನ ಒಳಗೆ ಕೂತರೆ ಕೆಲಸ ಕೆಡುತ್ತದೆ. ಅದಕ್ಕೆ ಮುಂದೆ ಒಂದು ಜಾಲರಿ ಬೇಕು, ಅದನ್ನು ತೊಳೆಯುವ ಜವಾಬ್ದಾರಿ ಒಬ್ಬರಿಗೆ ಬೇಕು. ವಾಲ್ವಿನ ಎರಡೂ ಕಡೆ ಗೇಜ್, ರಿಪೇರಿಗೆ ಪಕ್ಕದಲ್ಲಿ ಬೈಪಾಸ್ ಪೈಪ್. ಚೇಂಬರಿಗೆ ತಳದಲ್ಲಿ ನೀರು ಹೋಗುವ ದಾರಿ ಇರಲಿ, ನಮ್ಮ ಮಳೆಗೆ ಇಲ್ಲದಿದ್ದರೆ ಜೂನ್‌ನಲ್ಲೇ ತುಂಬಿ ಗೇಜ್ ಮುಳುಗುತ್ತದೆ. ಮುಚ್ಚಳವನ್ನು ರಸ್ತೆ ಮಟ್ಟಕ್ಕಿಂತ ಚೂರು ಎತ್ತರಿಸಿ, ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿ.

ತಗ್ಗಿನ ಬೀದಿ
ಬರೆದುಕೊಂಡೆ ಸರ್. ಪಿಆರ್‌ವಿ ಬರುವ ತನಕ ನಾವು ಬೀದಿಯವರೆಲ್ಲ ಫೆರೂಲಿನ ಹತ್ತಿರದ ವಾಲ್ವನ್ನು ಅರ್ಧಕ್ಕೆ ಇಟ್ಟುಕೊಂಡರೆ ನಡೆಯುತ್ತದಾ?

ಪ್ಲಂಬಿಂಗ್ ಕೆಲಸ
ಹರಿವು ಕಡಿಮೆ ಆಗುತ್ತದೆ, ಏರಿನವರಿಗೆ ಅನುಕೂಲ. ಆದರೆ ನಲ್ಲಿ ಮುಚ್ಚಿ ನೀರು ನಿಂತಾಗ 4.6 ಪೂರ್ತಿ ನಿಮ್ಮ ಫಿಟ್ಟಿಂಗ್ ಮೇಲೆ ಬೀಳುವುದು ತಪ್ಪುವುದಿಲ್ಲ. ಬಾಗಿದ ಫ್ಲೋಟ್ ವಾಲ್ವ್ ತೆಗೆದು ಹಿತ್ತಾಳೆಯ ದಪ್ಪ ಕಡ್ಡಿಯದ್ದು ಹಾಕಿಸಿ, ಪ್ಲಾಸ್ಟಿಕ್ಕಿನದ್ದು ಅಲ್ಲಿ ನಿಲ್ಲುವುದಿಲ್ಲ.